ಬಂಡೆಯ ಕೆಳಮಗ್ಗುಲು

ನಮ್ಮದು ಹರಿಗೋಲು ಹಾಕುವ ಮನೆತನ. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಒಂದು ಹಳ್ಳಿ. ಹೆಸರು ಬೇಡ ಬಿಡಿ. ಬೇಸಿಗೆಯಲ್ಲಿ ಅಲ್ಲಿ ಯಾರಿಗೂ ನಮ್ಮ ಹಂಗಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಮರಳಿನ ಮೇಲೆ ನಡೆದೇ ಆಚೆ ದಡಕ್ಕೆ ಹೋಗಿಬಿಡುತ್ತಿದ್ದರು. ಕನ್ನಂಬಾಡಿಯಲ್ಲಿ ನೀರು ಬಿಟ್ಟರು ಎಂದ ಕೂಡಲೇ ಎಲ್ಲರಿಗೂ ಅಪ್ಪ ನೆನಪಾಗುತ್ತಿದ್ದ. ಆಚೆ ದಡದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದರು. ಅಪ್ಪ ಉಣ್ಣುತ್ತಿದ್ದರೆ ಮುದ್ದೆ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ಅವ್ವ ಬೈಯುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹರಿಗೋಲು ಎಂದರೆ ಬಿದಿರು ಹೆಣೆದು ಟಾರು ಬಳಿದ ದೊಡ್ಡ ಬುಟ್ಟಿ, ಅಷ್ಟೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನ ರಟ್ಟೆ ಒಂದು ಗಳಿಗೆ ಸಡಿಲವಾದರೆ ಗಿರ್ರನೆ ತಿರುಗಿ ಕೂತವರ ತಲೆ ತಿರುಗಿಸುತ್ತದೆ. ಹೊಳೆ ದಾಟಿಸುವುದು ಅಂಥ ಕಷ್ಟದ ಕೆಲಸವಲ್ಲ. ದಡಕ್ಕೆ ತಂದು ನಿಲ್ಲಿಸುವುದೇ ಕಷ್ಟ. ನಾನು ಹೇಳಹೊರಟಿರುವುದು ಅದನ್ನೇ.

ನಮ್ಮ ಕಡೆಯ ದಡದಲ್ಲಿ ಒಂದು ಬಂಡೆ ಹೊಳೆಯ ಒಳಕ್ಕೆ ಮೂತಿ ಚಾಚಿಕೊಂಡಿದೆ. ಹರಿಗೋಲನ್ನು ಅದರ ಪಕ್ಕಕ್ಕೇ ತರಬೇಕು, ಬೇರೆ ಕಡೆಯೆಲ್ಲ ಕೆಸರು, ಜೊಂಡು. ಬಂಡೆಗೆ ಎರಡು ಮಗ್ಗುಲು. ನೀರು ಬರುವ ಕಡೆಯದು ಮೇಲ್ಮಗ್ಗುಲು, ನೀರು ಹೋಗುವ ಕಡೆಯದು ಕೆಳಮಗ್ಗುಲು. ಊರ ಹೆಂಗಸರು ಬಿಂದಿಗೆ ತುಂಬುವುದು ಮೇಲ್ಮಗ್ಗುಲಲ್ಲಿ. ಆಚೆ ದಡದಿಂದ ಬಂದ ನೆಂಟರು, ಮದುವೆಯ ದಿಬ್ಬಣ, ಬಾಣಂತಿ ಮಗು, ಎಲ್ಲರೂ ಇಳಿಯುವುದು ಅಲ್ಲೇ. ಕೆಳಮಗ್ಗುಲು ಹೆಣಕ್ಕೆ ಮೀಸಲು. ಆಚೆ ಸತ್ತವರನ್ನು ಇಲ್ಲಿಗೆ ತಂದರೆ ಅಲ್ಲಿ ಇಳಿಸಬೇಕು, ಬೂದಿ ಬಿಡುವವರು ಅಲ್ಲಿ ಇಳಿಯಬೇಕು, ಸೂತಕದವರು ಅಲ್ಲಿ ಮೀಯಬೇಕು. ಮೈಲಿಗೆಯ ನೀರು ಕೆಳಕ್ಕೆ ಹರಿದು ಹೋಗಲಿ, ಕುಡಿಯುವ ನೀರಿಗೆ ತಾಕದಿರಲಿ ಎಂದು ಯಾರೋ ಬುದ್ಧಿವಂತರೇ ಮಾಡಿದ ಏರ್ಪಾಡು ಅದು. ಅದರಲ್ಲಿ ನನಗೇನೂ ತಕರಾರಿಲ್ಲ.

ತಕರಾರಿದ್ದದ್ದು ಹೊಳೆಗೆ. ಕೆಳಮಗ್ಗುಲಲ್ಲಿ ನೀರು ಬಂಡೆಯ ಮರೆಗೆ ಬಂದು ತಣ್ಣಗೆ ನಿಂತಿರುತ್ತದೆ. ಮೂತಿ ದಾಟಿಸಿ ಎರಡು ಸಲ ಹುಟ್ಟು ಎಳೆದರೆ ಹರಿಗೋಲು ತಾನಾಗಿ ಬಂದು ದಡಕ್ಕೆ ಒರಗುತ್ತದೆ. ಮೇಲ್ಮಗ್ಗುಲಲ್ಲಿ ಹಾಗಲ್ಲ. ಅಲ್ಲಿ ಸೆಳೆತ ಪೂರಾ ಬಂಡೆಗೇ ಬಡಿಯುತ್ತದೆ. ಬಹಳ ಮೇಲಿನಿಂದಲೇ ದಡ ಹಿಡಿದು, ಅಂಚಿಗೆ ಅಂಟಿಕೊಂಡು ಇಳಿಯುತ್ತಾ ಬರಬೇಕು. ಒಂದು ಮಾರು ತಪ್ಪಿದರೆ ಬಂಡೆಯ ಮೂತಿಗೆ ಹೋಗಿ ಅಪ್ಪಳಿಸಿ ಮಗುಚಿಕೊಳ್ಳುತ್ತದೆ. ಬದುಕಿರುವವರಿಗೆ ಕಷ್ಟದ ಕಡೆ, ಸತ್ತವರಿಗೆ ಸುಲಭದ ಕಡೆ. ಎಂಥಾ ನ್ಯಾಯವೋ.

ಬಂಡೆಯ ಮೇಲ್ಮಗ್ಗುಲಿಗೆ ಯಾವ ಕಾಲದಲ್ಲೋ ಯಾರೋ ಒಂದು ಬಸವನನ್ನು ಕೆತ್ತಿದ್ದರು. ಅಪ್ಪನಿಗೆ ಅದೇ ಅಳತೆ. ನೀರು ಬಸವನ ಕಾಲಿಗೆ ಬಂದರೆ ಹುಷಾರು, ಮೊಣಕಾಲಿಗೆ ಬಂದರೆ ಬಲು ಹುಷಾರು, ಹೊಟ್ಟೆ ನೆನೆದರೆ ಹರಿಗೋಲು ದಡದ ಮೇಲೆ ಬೋರಲು. ಹೊಟ್ಟೆ ನೆನೆಯುವ ತನಕ ಮೇಲ್ಮಗ್ಗುಲಿಗೆ ತರಬಹುದು ಎಂಬುದು ಅವನ ಲೆಕ್ಕ. ದಡದಲ್ಲಿ ನಿಂತು ನಾನು ಹುಟ್ಟು ಹಾಕುವುದನ್ನು ನೋಡುವಾಗ ಅವನು ಟವೆಲ್ಲಿನಲ್ಲಿ ಸನ್ನೆ ಮಾಡುತ್ತಿದ್ದ. ಟವೆಲ್ಲನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದರೆ ಮೇಲಕ್ಕೆ ಬಾ ಎಂದು. ಕೆಳಗೆ ಮಂಡಿಯ ಹತ್ತಿರ ಬೀಸಿದರೆ ಕೆಳಕ್ಕೆ ಬಾ ಎಂದು. ಈ ಸನ್ನೆ ಗೊತ್ತಿದ್ದದ್ದು ಇಡೀ ಊರಲ್ಲಿ ಇಬ್ಬರಿಗೇ, ಅವನಿಗೆ ಮತ್ತು ನನಗೆ.

ನಾನು ಹುಟ್ಟು ಬಿಟ್ಟು ಪೆನ್ನು ಹಿಡಿದವನು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮದ್ದೂರಿನಲ್ಲಿ ಬದಲಿಸಿ, ಮಳವಳ್ಳಿಯಲ್ಲಿ ಮತ್ತೊಮ್ಮೆ ಬದಲಿಸಿ ಊರಿಗೆ ಬರುತ್ತಿದ್ದೆ. ಭಾನುವಾರ ಅಪ್ಪನಿಗೆ ವಿಶ್ರಾಂತಿ ಕೊಡುತ್ತೇನೆಂದು ಹುಟ್ಟು ಹಿಡಿಯುತ್ತಿದ್ದೆ. ಅದು ಬರೀ ಜಂಬ. ಅಂಗೈಯ ಚರ್ಮ ಮೆತ್ತಗಾಗಿ ಹೋಗಿತ್ತು. ಅಪ್ಪ ನನ್ನ ಕೈ ಹಿಡಿದು ತಿರುಗಿಸಿ ನೋಡಿ, “ಬೊಬ್ಬೆ ಬಂದದಲ್ಲಲಾ ಮಾರಾಯ, ಬುಡು ಅತ್ಲಾಗೆ” ಎನ್ನುತ್ತಿದ್ದ. ಬಿಟ್ಟಿದ್ದರೆ ಚೆನ್ನಾಗಿತ್ತು.

ಕೆಲಸ ಸೇರಿ ಮೂರು ವರ್ಷವಾಗಿತ್ತು, ಆ ಬೇಸಿಗೆಯಲ್ಲಿ ಆಚೆ ದಡದ ಒಂದು ಮನೆಯವರು ನನ್ನ ತಂಗಿಯನ್ನು ನೋಡಲು ಬಂದಿದ್ದರು. ಮರಳಿನ ಮೇಲೆ ನಡೆದೇ ಬಂದಿದ್ದರು. ಗಂಡು ಗದ್ದೆ ಇದ್ದವನು, ಮಿತಭಾಷಿ. ಹೆಣ್ಣನ್ನು ಏನಾದರೂ ಕೇಳಪ್ಪ ಎಂದು ಹಿರಿಯರು ಬಲವಂತ ಮಾಡಿದಾಗ, “ಈಜು ಬತ್ತದಾ?” ಎಂದು ಕೇಳಿದ. ಹರಿಗೋಲಿನವನ ಮಗಳಿಗೆ ಅದನ್ನು ಕೇಳಬೇಕೇ! ನನ್ನ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕನೆ ನಕ್ಕುಬಿಟ್ಟಳು. ಅದಕ್ಕೆ ಮುಂಚೆ ಇಬ್ಬರನ್ನು ಬೇಡ ಎಂದವಳು ಅವಳು. ಅವತ್ತು ಸಂಜೆ ಅವ್ವ ಕೇಳಿದ್ದಕ್ಕೆ, “ಒಳ್ಳೇವ್ನಂಗವ್ನೆ ಕಣವ್ವ” ಎಂದಳು. ಅಷ್ಟು ಹೇಳಲು ಅವಳ ಕಿವಿಯೆಲ್ಲ ಕೆಂಪಾಗಿತ್ತು. ಆಷಾಢ ಕಳೆಯಲಿ, ಶ್ರಾವಣದಲ್ಲಿ ವೀಳ್ಯದ ಶಾಸ್ತ್ರ ಮಾಡೋಣ ಎಂದು ಮಾತಾಯಿತು.

ಶ್ರಾವಣ ಬಂತು, ಹೊಳೆಯೂ ಬಂತು. ಶಾಸ್ತ್ರದ ದಿನ ಬೆಳಿಗ್ಗೆ ನಾನೂ ಅಪ್ಪನೂ ಹೋಗಿ ನೋಡಿದರೆ ನೀರು ಬಸವನ ಮೊಣಕಾಲು ಮುಟ್ಟಿತ್ತು. ಹೆಣ್ಣಿನ ತಂದೆ ದಡದಲ್ಲಿ ನಿಂತು ಬೀಗರನ್ನು ಎದುರುಗೊಳ್ಳಬೇಕು, ತಾನೇ ಅವರನ್ನು ಹೊತ್ತು ತರುವಂತಿಲ್ಲ, ಅದು ಕ್ರಮ. ಹಾಗಾಗಿ ಹುಟ್ಟು ನನ್ನ ಕೈಗೆ ಬಂತು.

“ಆಯ್ತದೇನ್ಲಾ?” ಎಂದ ಅಪ್ಪ.

“ಆಯ್ತದೆ ಬುಡಪ್ಪ” ಎಂದೆ. ಈ ಬಾಯಿಗೆ ಅವತ್ತೇ ಮಣ್ಣು ಬೀಳಬೇಕಾಗಿತ್ತು.

ಆಚೆ ದಡದಲ್ಲಿ ಐದು ಜನ ಹತ್ತಿದರು. ಗಂಡು, ಅವನ ಅಪ್ಪ ಅವ್ವ, ಚಿಕ್ಕಪ್ಪ ಚಿಕ್ಕಮ್ಮ. ಗಂಡಿನ ತಾಯಿ ರೇಷ್ಮೆ ಸೀರೆ ಉಟ್ಟು, ಹಣ್ಣು ಹೂವಿನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನಗೆ ಎದುರಾಗಿ ಕೂತಳು. ನಡುಹೊಳೆಯ ತನಕ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬಂಡೆ ಕಣ್ಣಿಗೆ ಬಿತ್ತು. ಅದರ ಮೂತಿಗೆ ನೀರು ಹೊಡೆದು ನೊರೆ ಏಳುತ್ತಿತ್ತು. ಬಂಡೆಯ ಮೇಲೆ ಅಪ್ಪ ಮಡಿ ಪಂಚೆ ಉಟ್ಟು ನಿಂತಿದ್ದ, ಅವನ ಹಿಂದೆ ಆರತಿ ತಟ್ಟೆ ಹಿಡಿದ ನಾಲ್ಕು ಜನ ಹೆಂಗಸರು. ಅಪ್ಪ ಟವೆಲ್ಲನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದಿದ್ದ. ಮೇಲಕ್ಕೆ ಬಾ.

ನಾನು ನೋಡಿದೆ. ನೋಡಲಿಲ್ಲ ಎಂದು ಹೇಳುವ ಹಾಗಿಲ್ಲ. ಬಿಳಿಯ ಟವೆಲ್ಲು, ಬೆಳ್ಳಂಬೆಳಗು. ಐದು ಜನ, ಅದರಲ್ಲಿ ನನ್ನ ತಂಗಿ ಇಷ್ಟಪಟ್ಟವನೂ ಇದ್ದಾನೆ, ಮಗುಚಿದರೆ ಏನು ಗತಿ ಎಂದು ಒಂದು ಮನಸ್ಸು. ಅಪ್ಪನ ಲೆಕ್ಕ ತಪ್ಪುವುದಿಲ್ಲ ಎಂದು ಇನ್ನೊಂದು ಮನಸ್ಸು. ಹೊಳೆ ಅಷ್ಟು ಹೊತ್ತು ಕಾಯುತ್ತದೆಯೇ? ನಾನು ಹುಟ್ಟನ್ನು ಈ ಕಡೆಯಿಂದ ತೆಗೆದು ಆ ಕಡೆ ಹಾಕಿದೆ. ಹರಿಗೋಲು ಬಂಡೆಯ ಮೂತಿಯನ್ನು ದಾಟಿ, ಒಂದು ಸುತ್ತು ತಿರುಗಿ, ಕೆಳಮಗ್ಗುಲಿಗೆ ಬಂದು ಮೆತ್ತಗೆ ನಿಂತಿತು. ತಟ್ಟೆಯ ಒಂದು ಹೂವೂ ಅಲುಗಲಿಲ್ಲ.

ಯಾರೂ ಇಳಿಯಲಿಲ್ಲ. ಗಂಡಿನ ತಾಯಿ ದಡವನ್ನು ನೋಡಿದಳು. ಅಲ್ಲಿ ಹಿಂದಿನ ವಾರದ ಒಡೆದ ಮಡಕೆ, ಬಾಡಿದ ಚೆಂಡುಹೂವು, ಅರ್ಧ ಸುಟ್ಟ ಬಿದಿರು ಬಿದ್ದಿದ್ದವು.

“ಇದು ಎಣ ಇಳ್ಸೋ ಜಾಗ ಅಲ್ವೇನಪ್ಪ?” ಎಂದಳು. ದನಿ ಏರಿಸಲಿಲ್ಲ.

“ನೀರು ಜಾಸ್ತಿ ಇತ್ತು ಕಣಮ್ಮ” ಎಂದೆ.

“ನನ್ ಮಗ ಈ ಮನೆಗೆ ಅಳಿಯ ಆಗಿ ಬರೋ ಮೊದ್ಲ ಎಜ್ಜೆ ಇಲ್ಲಿಕ್ಕಬೇಕಾ?”

ಅವಳ ಗಂಡ, “ಓಗ್ಲಿ ಬುಡಮ್ಮಿ, ಜೀವ ಉಳೀತಲ್ಲ” ಎಂದು ಸಮಾಧಾನ ಮಾಡಲು ನೋಡಿದ. ಅವಳು ತಟ್ಟೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡು ತನ್ನ ಹೊಸ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದ. ಏನಾದರೂ ಮಾತಾಡೋ ಮುಠ್ಠಾಳ ಎಂದು ನನ್ನ ಒಳಗೆ ಕುದಿಯುತ್ತಿತ್ತು.

ಅಷ್ಟರಲ್ಲಿ ಅಪ್ಪ ಬಂಡೆ ಸುತ್ತಿಕೊಂಡು ಓಡಿ ಬಂದ. ಚಿಕ್ಕಪ್ಪನೆಂಬುವನು ಎದ್ದು ನಿಂತು, “ಯಾರ್ರೀ ಈ ಕಡೀಕೆ ತರಾಕೆ ಏಳ್ದೋರು?” ಎಂದು ಗದರಿದ.

ನಾನು ಬಾಯಿ ತೆಗೆಯುವುದರೊಳಗೆ ಅಪ್ಪ ಹೇಳಿದ. “ನಾನೇ ಕಣಪ್ಪ. ನಾನೇ ಟವೆಲ್ಲು ಬೀಸಿ ಕೆಳೀಕೆ ಬಾ ಅಂದೆ. ಉಡ್ಗಂದೇನೂ ತಪ್ಪಿಲ್ಲ. ನೀರು ನೋಡಿ ನಂಗೇ ಬಯ ಆಗೋಯ್ತು.”

ಹೊಳೆಗೆ ಭಯಪಟ್ಟೆ ಎಂದು ನನ್ನಪ್ಪ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. ಆರತಿ ತಟ್ಟೆಯ ಹೆಂಗಸರು ಬಂಡೆಯ ಮೇಲಿಂದ ಅದನ್ನು ಕೇಳಿಸಿಕೊಂಡರು. ಗಂಡಿನ ತಾಯಿ, “ವಾಪಸ್ ಬುಡ್ರಪ್ಪ ನಮ್ಮನ್ನ” ಎಂದಳು. ನಾನು ಅವರನ್ನು ವಾಪಸ್ ಬಿಟ್ಟು ಬಂದೆ.

ಮನೆಗೆ ಬರುವ ಹೊತ್ತಿಗೆ ಸುದ್ದಿ ಮುಂಚೆಯೇ ಬಂದು ಕೂತಿತ್ತು. ತಂಗಿ ಮುಡಿದ ಹೂವನ್ನು ತೆಗೆಯದೆ ಒಲೆಯ ಮುಂದೆ ಕೂತಿದ್ದಳು. ಅಪ್ಪ ಬಾಗಿಲಲ್ಲೇ ನಿಂತು, “ನನ್ ಕೈಯಾರೆ ಕೆಟ್ಟೋಯ್ತು ಕಣವ್ವ” ಎಂದ. ಅವಳು ತಲೆ ಎತ್ತಿ ಅವನನ್ನು ನೋಡಿದಳು. ನಾನು ಅವನ ಹಿಂದೆಯೇ ನಿಂತಿದ್ದೆ. ಆಗ ಒಂದೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅಪ್ಪ ರಸ್ತೆಯ ತನಕ ಬಂದ. ನಾನು, “ಯಾಕಪ್ಪ ಅಂಗಂದೆ?” ಎಂದು ಕೇಳಿದೆ.

“ನೀನು ಮದ್ವೆ ಆಗಬೇಕಾದೋನು. ಎಣದ ಕಡೀಕೆ ತಂದೋನು ಅಂತ ಎಸರು ನಿಂಗ್ಯಾಕ್ಲಾ? ನಂಗೆ ವಯಸ್ಸಾಯ್ತು, ನಡೀತದೆ” ಎಂದ.

“ತಂಗೀಗಾದ್ರೂ ನಿಜ ಏಳ್ತೀನಿ.”

“ಬ್ಯಾಡ. ಅಪ್ಪನ್ ಮ್ಯಾಲೆ ಸಿಟ್ಟು ನಾಕು ದಿನ ಇರ್ತದೆ. ಅಣ್ಣನ್ ಮ್ಯಾಲೆ ಬಂದ್ರೆ ನಾಳೆ ನಾವಿಲ್ದಾಗ ಅವಳಿಗೆ ಯಾರವ್ರೆ?”

ನಾಲ್ಕು ದಿನವಂತೆ. ಆರು ವರ್ಷ ಹೋಯಿತು.

ಆರು ವರ್ಷ ನನ್ನ ತಂಗಿ ಅಪ್ಪನನ್ನು ಮಾತಾಡಿಸಲಿಲ್ಲ. ಜಗಳವೇನಿಲ್ಲ. ಹೊತ್ತು ಹೊತ್ತಿಗೆ ಮುದ್ದೆ ಬಡಿಸುತ್ತಿದ್ದಳು, ಅವನ ಪಂಚೆ ಒಗೆದು ಹಾಕುತ್ತಿದ್ದಳು. ಅಪ್ಪ ನೀರು ಕೇಳಿದರೆ ಅವ್ವನ ಕಡೆ ತಿರುಗಿ, “ಅವ್ರಿಗೆ ನೀರು ಬೇಕಂತೆ ನೋಡವ್ವ” ಎನ್ನುತ್ತಿದ್ದಳು. ನಮ್ಮ ಕಡೆ ಅಪ್ಪನನ್ನು ಯಾರೂ ಅವರು ಎನ್ನುವುದಿಲ್ಲ. ನೀನು, ಬಾ, ಹೋಗು, ಅಷ್ಟೆ ನಮ್ಮ ಪ್ರೀತಿ. ಆ “ಅವ್ರಿಗೆ” ಎಂಬ ಮಾತು ಕೇಳಿದಾಗಲೆಲ್ಲ ಅಪ್ಪ ತಟ್ಟೆಯ ಕಡೆ ಬಗ್ಗುತ್ತಿದ್ದ.

ಅವಳಿಗೆ ಮತ್ತೆ ಗಂಡು ಬರಲಿಲ್ಲ. ಆಚೆ ದಡದ ಒಂಬತ್ತು ಊರಲ್ಲೂ ಅವಳು ಬೀಗರನ್ನು ಹೆಣದ ಕಡೆ ಇಳಿಸಿಕೊಂಡ ಮನೆಯ ಹುಡುಗಿ. ಈ ಕಡೆಯ ಊರುಗಳಲ್ಲಿ ಕೇಳಿದರೆ, ಆ ಸಂಬಂಧ ಯಾಕೆ ಮುರಿಯಿತು ಎಂದು ವಿಚಾರಿಸಿ ಸುಮ್ಮನಾಗುತ್ತಿದ್ದರು. ಅವಳು ರೇಷ್ಮೆ ಹುಳು ಸಾಕತೊಡಗಿದಳು. ಅಪ್ಪ ಹೊಳೆಯಿಂದ ಬಂದವನೇ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ತಂದು ಅವಳ ಹುಳುಮನೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಅವನು ಹೋದ ಮೇಲೆ ಬಂದು ಎತ್ತಿಕೊಳ್ಳುತ್ತಿದ್ದಳು. ಆಚೆ ದಡದ ಆ ಹುಡುಗನ ಮದುವೆಯಾಯಿತು. ಅವನೂ ಹೆಂಡತಿಯೂ ಒಂದು ಮಳೆಗಾಲದಲ್ಲಿ ಅಪ್ಪನ ಹರಿಗೋಲಿನಲ್ಲೇ ಈ ದಡಕ್ಕೆ ಬಂದರಂತೆ. ಅಪ್ಪ ಅವರನ್ನು ಮೇಲ್ಮಗ್ಗುಲಿಗೇ ಇಳಿಸಿದನಂತೆ.

ನನಗೂ ಮದುವೆಯಾಯಿತು, ಮಂಡ್ಯದಲ್ಲೇ ಮನೆ ಮಾಡಿದೆ. ಹೇಳಬೇಕು ಎಂದು ಎಷ್ಟು ಸಲ ಅಂದುಕೊಂಡು ಊರಿಗೆ ಹೋಗಿದ್ದೇನೋ. ಮಳವಳ್ಳಿಯ ತನಕ ಧೈರ್ಯ ಇರುತ್ತಿತ್ತು. ಮನೆಯ ಹೊಸ್ತಿಲು ದಾಟಿದರೆ ತಂಗಿ ನಗುತ್ತಾ, “ಅಣ್ಣ ಬಂದ” ಎಂದು ಕಾಲಿಗೆ ನೀರು ಕೊಡುತ್ತಿದ್ದಳು. ಆ ಮನೆಯಲ್ಲಿ ಅವಳು ನಗುತ್ತಿದ್ದದ್ದು ನನ್ನ ಜೊತೆ ಮಾತ್ರ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಪ್ಪನೇ ಬೇಡ ಎಂದಿದ್ದಾನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಡಿಗೆ ಇಂಥ ಮಾತುಗಳು ಬೇಗ ಸಿಗುತ್ತವೆ.

ಆ ದಶಕದ ಕೊನೆಗೆ ಬಂದ ಒಂದು ಮಳೆಗಾಲ. ಬೆಳಿಗ್ಗೆ ಕಚೇರಿಗೆ ಫೋನು ಬಂತು. ಅಪ್ಪ ಆಚೆ ದಡದಲ್ಲಿ ಜನ ಇಳಿಸಿ, ಎದೆ ಹಿಡಿದುಕೊಂಡು ಮರದ ಬುಡದಲ್ಲಿ ಕೂತವನು ಏಳಲಿಲ್ಲವಂತೆ. ಹರಿಗೋಲೂ ಅಲ್ಲೇ ಇದೆ, ಹಾಕುವವರಿಲ್ಲ ಎಂದರು. ನಾನು ಕೊಳ್ಳೇಗಾಲದ ಬಸ್ಸು ಹಿಡಿದು, ಸೇತುವೆ ಮೇಲೆ ಹೊಳೆ ದಾಟಿ, ಆಚೆ ಕಡೆಯಿಂದಲೇ ನಡೆದು ಅಪ್ಪನ ಹತ್ತಿರ ಹೋದೆ. ಆಗ ಮಧ್ಯಾಹ್ನ, ಬೆಳಗಿನಿಂದ ಹೊಳೆ ಏರುತ್ತಲೇ ಇತ್ತಂತೆ. ಯಾರೋ ಪುಣ್ಯಾತ್ಮರು ಅವನ ಟವೆಲ್ಲನ್ನೇ ಅವನ ಮುಖದ ಮೇಲೆ ಹೊದಿಸಿದ್ದರು.

ಇಬ್ಬರು ಸಹಾಯಕ್ಕೆ ಬಂದರು. ಅಪ್ಪನನ್ನು ಹರಿಗೋಲಿನಲ್ಲಿ ಮಲಗಿಸಿ ನಾನು ಹುಟ್ಟು ಹಿಡಿದೆ. ನಡುಹೊಳೆಯಿಂದ ನೋಡಿದರೆ ಊರಿನವರೆಲ್ಲ ಕೆಳಮಗ್ಗುಲಲ್ಲಿ ಸೇರಿದ್ದರು. ಅವ್ವ, ತಂಗಿ, ಚಟ್ಟ ಕಟ್ಟುವವರು, ಎಲ್ಲ. ಬಂಡೆಯ ನೆತ್ತಿ ಖಾಲಿ ಇತ್ತು. ಟವೆಲ್ಲು ಎತ್ತುವವನು ನನ್ನ ಕಾಲ ಬುಡದಲ್ಲಿ ಮಲಗಿದ್ದ. ನನಗೆ ಆಗ ಏನಾಯಿತೋ, ಇವನನ್ನು ಆ ಕಡೆ ಇಳಿಸಲಾರೆ ಎನ್ನಿಸಿಬಿಟ್ಟಿತು. ಬದುಕೆಲ್ಲ ಜನರನ್ನು ಮೇಲ್ಮಗ್ಗುಲಿಗೆ ತಂದು ಇಳಿಸಿದವನು ಅವನು. ನಾನು ಬಂಡೆಗಿಂತ ಮೇಲೆಯೇ ದಡ ಹಿಡಿಯಲು ಹುಟ್ಟು ಒತ್ತಿದೆ.

“ಎಲ್ಲಿಗ್ರೀ? ಎಣ ಕೆಳೀಕೆ ಕಣ್ರೀ!” ಎಂದು ಜೊತೆಯಲ್ಲಿದ್ದವರು ಕಿರುಚಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಚಿಗೆ ಅಂಟಿಕೊಂಡು ಇಳಿಯುತ್ತಾ ಬಂದೆ. ಅಪ್ಪ ಹೇಳಿಕೊಟ್ಟಿದ್ದೆಲ್ಲ ಕೈಗೆ ತಾನಾಗಿ ಬಂತು. ಬಂಡೆ ಹತ್ತಿರ ಬಂತು, ನೊರೆ ಮುಖಕ್ಕೆ ಹಾರಿತು, ಹರಿಗೋಲು ಒಂದು ಸಲ ಬಂಡೆಗೆ ಉಜ್ಜಿಕೊಂಡು ಮೇಲ್ಮಗ್ಗುಲಲ್ಲಿ ನಿಂತಿತು.

ನಿಂತೇ ನಿಂತಿತು. ನಾನು ತಲೆ ಎತ್ತಿ ಬಸವನನ್ನು ನೋಡಿದೆ. ನೀರು ಅದರ ಹೊಟ್ಟೆಗೆ ಬಡಿಯುತ್ತಿತ್ತು. ಆರು ವರ್ಷದ ಹಿಂದೆ ಬರೀ ಮೊಣಕಾಲು.

ಜನ ಬೈಯುತ್ತಾ ಈ ಕಡೆಗೆ ಓಡಿ ಬಂದರು. ಕುಡಿಯೋ ನೀರಿಗೆ ಹೆಣ ತಂದನಲ್ಲ, ತಲೆ ಕೆಟ್ಟಿದೆಯಾ ಇವನಿಗೆ ಎಂದು. ಎಲ್ಲರಿಗಿಂತ ಮುಂಚೆ ತಂಗಿ ಬಂದಳು. ಅವಳು ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಸವನನ್ನು ನೋಡಿದಳು. ಅವಳೂ ಹರಿಗೋಲಿನವನ ಮಗಳಲ್ಲವೇ, ಆ ಅಳತೆ ಅವಳಿಗೂ ಗೊತ್ತು.

“ಒಟ್ಟೆ ನೆಂದದೆ” ಎಂದಳು. “ಇಷ್ಟು ನೀರಲ್ಲಿ ಗುಮಾಸ್ತ ಆದ ನೀನೇ ಇಲ್ಲಿಗೆ ತಂದ್ಬುಟ್ಟೆ. ಅವತ್ತು ಮೊಣಕಾಲು. ಅಪ್ಪ ಯಾಕಣ್ಣ ಕೆಳೀಕೆ ಬಾ ಅಂದ?”

ನಾನು ಹುಟ್ಟನ್ನು ಕೆಳಗಿಟ್ಟೆ.

“ಅನ್ನಲಿಲ್ಲ ಕಣವ್ವ. ಟವೆಲ್ಲು ಮೇಲಕ್ಕೇ ಎತ್ತಿದ್ದ. ಎದ್ರಿಕೊಂಡು ಕೆಳೀಕೆ ತಂದೋನು ನಾನು.”

ಅವಳು ಕೂಗಾಡುತ್ತಾಳೆ, ನನ್ನ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಇವತ್ತಿಗೆ ಎಷ್ಟೋ ಹಗುರವಾಗಿರುತ್ತಿತ್ತು. ಅವಳು ಸೀರೆ ನೆನೆಸಿಕೊಂಡು ನೀರಿಗೆ ಇಳಿದಳು. ಮೇಲ್ಮಗ್ಗುಲ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡು ಬಂದು ಹರಿಗೋಲಿನೊಳಕ್ಕೆ ಬಗ್ಗಿದಳು. ಮುಖದ ಟವೆಲ್ಲನ್ನು ಮೊಣಕೈಯಿಂದ ಸರಿಸಿ ನೀರನ್ನು ಅವನ ತುಟಿಗೆ ಬಿಟ್ಟಳು.

“ಅಪ್ಪಾ, ನೀರು ಕುಡಿಯಪ್ಪ” ಎಂದಳು. “ಕೇಳ್ದಾಗೆಲ್ಲ ಕೊಡ್ನಿಲ್ವಲ್ಲಪ್ಪ ನಾನು.”

ನೀರು ಕೆನ್ನೆಯ ಮೇಲೆ ಇಳಿದು ಹೋಯಿತು. ಅವಳು ಮತ್ತೆ ಹೋಗಿ ತಂದಳು, ಮತ್ತೆ ಬಿಟ್ಟಳು. ಹೆಂಗಸರು ಹಿಡಿದು ಎಳೆಯುವ ತನಕ ಹಾಗೇ ಮಾಡಿದಳು.

ಅವ್ವ ಹೋಗಿಯೂ ಬಹಳ ಕಾಲವಾಯಿತು. ತಂಗಿ ಅದೇ ಮನೆಯಲ್ಲಿದ್ದಾಳೆ, ಪಕ್ಕದ ಮನೆಯ ಹುಡುಗಿಯೊಬ್ಬಳು ಅವಳ ಜೊತೆಗೆ ಇರುತ್ತಾಳೆ. ವರ್ಷಕ್ಕೊಮ್ಮೆ ಅಪ್ಪನ ಎಡೆಗೆ ನಾನು ಹೋಗುತ್ತೇನೆ. ಕಾಲಿಗೆ ನೀರು ಇಟ್ಟಿರುತ್ತಾಳೆ, ಬಿಸಿ ಮುದ್ದೆ ಬಡಿಸುತ್ತಾಳೆ, ಸಾರು ಎರಡನೆಯ ಸಲ ಕೇಳದೆಯೇ ಹಾಕುತ್ತಾಳೆ. ಉಣ್ಣುತ್ತಾ ನಾನು ನೀರು ಕೇಳಿದರೆ ಆ ಹುಡುಗಿಯ ಕಡೆ ತಿರುಗುತ್ತಾಳೆ.

“ಅವ್ರಿಗೆ ನೀರು ಬೇಕಂತೆ ನೋಡಮ್ಮಿ” ಎನ್ನುತ್ತಾಳೆ.